ಕ್ಲಿನಿಕ್ ಮುಚ್ಚಿ ಪಬ್ಲಿಕ್ ಹೆಲ್ತ್‌ಗೆ ಬರಬೇಕಾ? ಮೊದಲು ಎಂಪಿಎಚ್ (ಪಬ್ಲಿಕ್ ಹೆಲ್ತ್ ಸ್ನಾತಕೋತ್ತರ ಪದವಿ) ಮಾಡಬೇಕಾ?

ಚಿತ್ರದುರ್ಗದಲ್ಲಿ ಕ್ಲಿನಿಕ್ ಇದೆ, ದಿನಾ ಅದೇ ಜ್ವರ, ಅದೇ ಮಂಡಿನೋವು ನೋಡಿ ಸಾಕಾಗಿದೆ ಅಂದಿದ್ದೀರಿ. ನಾನೂ ದಾವಣಗೆರೆಯಲ್ಲಿ ಹಾಗೇ ಕೂತಿದ್ದವನು. ಜಗಳೂರು ಕಡೆಯಿಂದ ಬರುತ್ತಿದ್ದ ಕೆಲವರಿಗೆ ಬೆನ್ನು ಬಗ್ಗುತ್ತಿರಲಿಲ್ಲ. ಜೊತೆಗೆ ಬಂದ ಮಕ್ಕಳ ಹಲ್ಲಲ್ಲಿ ಕಂದು ಗೆರೆ. ಎರಡಕ್ಕೂ ಕಾರಣ ಬೋರ್‌ವೆಲ್ ನೀರಲ್ಲಿದ್ದ ಫ್ಲೋರೈಡ್. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ತುಂಬಾ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದು ಮೂಳೆ ಬಿಗಿದರೆ ಅದನ್ನು ಸರಿ ಮಾಡುವ ಔಷಧಿ ಇಲ್ಲ. ನೋವಿನ ಮಾತ್ರೆ ಬರೆದು ಮತ್ತೆ ಅದೇ ಬೋರ್‌ವೆಲ್‌ಗೆ ಕಳಿಸುವುದು ನನ್ನಿಂದ ಆಗಲಿಲ್ಲ. ಹಳ್ಳಿಗಳಲ್ಲಿ ಪಬ್ಲಿಕ್ ಹೆಲ್ತ್ ಕೆಲಸಕ್ಕೆ ಸೇರಿಕೊಂಡೆ.

ಅಲ್ಲಿ ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ಮಾಡುವ ಸಾಧ್ಯತೆ ಇದೆ. ಊರೂರಿಗೆ ಹೋಗಿ "ಬೋರಿನ ನೀರು ಕುಡಿಯಬೇಡಿ, ಶುದ್ಧ ನೀರಿನ ಘಟಕದ್ದೇ ಕುಡಿಯಿರಿ" ಅಂದೆ. ಜನ ಕೇಳಿದರು, ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡರು. ಆದರೆ ಮೂತ್ರ ಪರೀಕ್ಷೆಯಲ್ಲಿ ಫ್ಲೋರೈಡ್ ಅಂದುಕೊಂಡಷ್ಟು ಇಳಿದಿರಲಿಲ್ಲ. ಜನ ಸುಳ್ಳು ಹೇಳುತ್ತಿದ್ದಾರೆ ಅಂತ ತೀರ್ಮಾನಿಸಿಬಿಟ್ಟೆ, ಅದನ್ನೇ ವರದಿಯಲ್ಲೂ ಬರೆದೆ. ಕೊನೆಗೆ ಒಬ್ಬ ಆಶಾ ಕಾರ್ಯಕರ್ತೆ ನನ್ನನ್ನು ಒಂದು ಅಡುಗೆಮನೆಗೆ ಕರೆದುಕೊಂಡು ಹೋದರು. ಮುದ್ದೆಗೆ ಎಸರು ಇಟ್ಟಿದ್ದು ನಲ್ಲಿ ನೀರಲ್ಲಿ, ಆ ನಲ್ಲಿಗೂ ಬರುವುದು ಬೋರಿನದೇ. ಬೇಳೆ ಬೇಯುತ್ತಿದ್ದದ್ದೂ ಅದರಲ್ಲೇ. ಕ್ಯಾನ್ ಮೂಲೆಯಲ್ಲಿ ಜೋಪಾನವಾಗಿ ಮುಚ್ಚಿಟ್ಟಿತ್ತು. "ಕುಡಿಯೋಕೆ ಅಂತಲೇ ಹೇಳಿದ್ರಲ್ಲ ಸಾರ್" ಅಂದರು ಆ ಮನೆಯ ಅಮ್ಮ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುತ್ತದೆ. ನನಗೆ ಗೊತ್ತಿತ್ತು, ಆದರೂ ಅಡುಗೆ ಯಾವ ನೀರಲ್ಲಿ ಮಾಡುತ್ತೀರಿ ಅಂತ ಒಬ್ಬ ಹೆಂಗಸನ್ನೂ ಕೇಳಿರಲಿಲ್ಲ. ಇಡೀ ಬೇಸಿಗೆ ವ್ಯರ್ಥವಾಯಿತು. ನನ್ನ ವರದಿ ನೋಡಿ ದುಡ್ಡು ಕೊಡುತ್ತಿದ್ದವರೂ ನಿಲ್ಲಿಸಿದರು.

ಹಾಗಾಗಿ ಕ್ಲಿನಿಕ್ಕಾ, ಪಬ್ಲಿಕ್ ಹೆಲ್ತಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಎದುರಿಗಿರುವವರನ್ನು ಕೇಳಿ ತಿಳಿದುಕೊಳ್ಳುವುದು ಎರಡಕ್ಕೂ ಬೇಕು. ಎಂಎಸ್‌ಎಫ್ (ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಅನ್ನುವ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆ) ಸೇರಿ ಯುದ್ಧ, ನೆರೆ ಇರುವ ಕಡೆ ಹೋಗುವ ಆಸೆ ಇದೆ ಅಂದಿರಿ. ಅವರಿಗೂ ರೋಗಿ ನೋಡಿ ಪಳಗಿದ ಡಾಕ್ಟರೇ ಬೇಕು. ಬೇಸರಕ್ಕೆ ಕ್ಲಿನಿಕ್ ಮುಚ್ಚಬೇಡಿ. ಎಂಪಿಎಚ್ ಆಮೇಲೆ ಮಾಡಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಒಳ್ಳೆಯ ಕೋರ್ಸ್ ಇದೆ. ಸದ್ಯಕ್ಕೆ ವಾರಕ್ಕೊಂದು ದಿನ ಚಳ್ಳಕೆರೆಯೋ ಮೊಳಕಾಲ್ಮೂರೋ, ಪರಿಚಯದ ಪಿಎಚ್‌ಸಿ ಡಾಕ್ಟರ ಜೊತೆ ತಿರುಗಿ. ಆಶಾಗಳ ಸಭೆಯಲ್ಲಿ ಹಿಂದೆ ಸುಮ್ನೆ ಕೂತು ಕೇಳಿ. ಪಬ್ಲಿಕ್ ಹೆಲ್ತ್ ಕೆಲಸದ ಗುತ್ತಿಗೆ ಸಂಬಳ ಕ್ಲಿನಿಕ್ ಆದಾಯಕ್ಕೆ ಸಮ ಬರಲ್ಲ, ಅದನ್ನು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.