ಯಾವ ತಿಂಗಳ ಮಣ್ಣು, ಮೇಷ್ಟ್ರೇ?

ಓದುಗರ ಪತ್ರ: ಗಿಡಗಳಿಗೆ ಸಿಗುವ ರಂಜಕ (ಫಾಸ್ಫರಸ್) ಕಾಡಿನ ಮಣ್ಣಿಗಿಂತ ಹುಲ್ಲುಗಾವಲಿನ ಮಣ್ಣಲ್ಲೇ ಜಾಸ್ತಿ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ನಾನು ಹೈಸ್ಕೂಲು ಮೇಷ್ಟ್ರು. ಬೇಸಿಗೆಯಲ್ಲೊಮ್ಮೆ, ಮಳೆ ಶುರುವಾದ ಮೇಲೊಮ್ಮೆ ಮಕ್ಕಳ ಜೊತೆ ಹೋಗಿ ಅದದೇ ಜಾಗದ ಮಣ್ಣು ತೆಗೆದು ಪರೀಕ್ಷೆ ಮಾಡಿಸಿದೆ. ಮೊದಲ ಸಲ ನಿಮ್ಮ ಮಾತು ಸರಿ ಬಂತು. ಎರಡನೇ ಸಲ ಉಲ್ಟಾ. ತಪ್ಪು ಯಾರದ್ದು?

ಸಂಪಾದಕರ ಉತ್ತರ: ಮೇಷ್ಟ್ರೇ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಹಿಂದಿನ ಸಂಚಿಕೆಯ ಕೋಷ್ಟಕದಲ್ಲಿ ಅಂಕಿ ಹಾಕಿದೆವು, ಮಣ್ಣು ಯಾವ ತಿಂಗಳು ತೆಗೆದದ್ದು ಅಂತ ಹಾಕಲಿಲ್ಲ. ಸುಮ್ನೆ ಬಿಟ್ಟುಹೋಯಿತು ಅನ್ನುವಂತಿಲ್ಲ. ರಂಜಕದ ವಿಷಯದಲ್ಲಿ ತಿಂಗಳಿಲ್ಲದ ಅಂಕಿಗೆ ಅರ್ಥ ಕಮ್ಮಿ. ನಿಮ್ಮ ಎರಡು ವರದಿಗಳೂ ಸರಿಯೇ ಇರಬಹುದು.

ಒಂದು ಕಿಲೋ ಮಣ್ಣಲ್ಲಿ ಒಟ್ಟು ರಂಜಕ ಸಾಮಾನ್ಯವಾಗಿ ಕೆಲವು ನೂರು ಮಿಲಿಗ್ರಾಂ ಇರುತ್ತದೆ. ಆದರೆ ಬೇರು ಹೀರುವುದು ಮಣ್ಣಿನ ನೀರಲ್ಲಿ ಕರಗಿದ್ದನ್ನು ಮಾತ್ರ. ಆ ನೀರನ್ನು ಒಂದು ಲೀಟರ್ ಹಿಂಡಿ ತೆಗೆದರೂ ಬಹಳ ಸಲ ಅದರಲ್ಲಿ 0.1 ಮಿಲಿಗ್ರಾಂ ಕೂಡ ಸಿಗುವುದಿಲ್ಲ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ, ಕ್ಯಾಲ್ಸಿಯಂಗೆ ಅಂಟಿಕೊಂಡಿರುತ್ತದೆ. ಇಲ್ಲವೇ ಕೊಳೆಯುವ ಎಲೆ, ಬೇರು, ಸೂಕ್ಷ್ಮಜೀವಿಗಳ ಮೈಯೊಳಗೆ ಸೇರಿರುತ್ತದೆ. ಒಟ್ಟು ರಂಜಕ ಒಂದು ವರ್ಷದಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ಏರಿಳಿಯುವುದು ಈ ಕರಗಿದ ಚೂರು, ಅದೂ ವಾರವಾರಕ್ಕೆ.

ದೊಡ್ಡ ಆಟ ನಡೆಯುವುದು ಮೊದಲ ಮಳೆಗೆ. ಒಣಮಣ್ಣಿನಲ್ಲಿ ಎಷ್ಟೋ ಸೂಕ್ಷ್ಮಜೀವಿಗಳು ಸಾಯುತ್ತವೆ. ಉಳಿದವು ಮೈಯೊಳಗಿನ ರಸವನ್ನು ಗಟ್ಟಿ ಮಾಡಿಕೊಂಡು ಹೇಗೋ ತೇವ ಹಿಡಿದಿರುತ್ತವೆ. ದಿಢೀರನೆ ಮಳೆ ಬಿದ್ದರೆ ನೀರು ಒಳಗೆ ನುಗ್ಗಿ ಅವುಗಳಲ್ಲೂ ಬಹಳಷ್ಟು ಒಡೆದೇ ಹೋಗುತ್ತವೆ. ಅವುಗಳ ಮೈಯಲ್ಲಿದ್ದ ರಂಜಕ ನೀರಿಗೆ ಬರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 29 ಹುಲ್ಲುಗಾವಲು ಮಣ್ಣುಗಳನ್ನು ಒಣಗಿಸಿ, ಮತ್ತೆ ನೆನೆಸಿ ನೋಡಿದ ಅಧ್ಯಯನವೊಂದು 2001ರಲ್ಲಿ ಬಂತು. ನೀರಲ್ಲಿ ಕರಗುವ ರಂಜಕ ಕಡಿಮೆಯೆಂದರೆ ಶೇ. 185ರಷ್ಟು, ಹೆಚ್ಚೆಂದರೆ ಶೇ. 1,900ರಷ್ಟು ಏರಿತ್ತು. ಅಂದರೆ ಮೂರು ಪಟ್ಟಿನಿಂದ ಇಪ್ಪತ್ತು ಪಟ್ಟಿನವರೆಗೆ!

ಈ ಸುಗ್ಗಿ ಜಾಸ್ತಿ ದಿನ ಇರುವುದಿಲ್ಲ. ಬದುಕುಳಿದ ಸೂಕ್ಷ್ಮಜೀವಿಗಳು ಬೇಗ ಬೇಗ ಹೆಚ್ಚಿ, ಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳುತ್ತವೆ. ಬೇರು ಒಂದಷ್ಟು ಹೀರುತ್ತದೆ. ಜೇಡಿ ಒಂದಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಮಳೆಯಾದ ಎರಡನೇ ದಿನ ತೆಗೆದ ಮಣ್ಣು ಬೇರೆ, ಇಪ್ಪತ್ತನೇ ದಿನ ತೆಗೆದದ್ದು ಬೇರೆ.

ಇನ್ನು ಕಾಡು, ಹುಲ್ಲುಗಾವಲು. ಮರ ಬಲು ಜಿಪುಣ. ಎಲೆ ಉದುರಿಸುವ ಮೊದಲು ಅದರಲ್ಲಿದ್ದ ರಂಜಕದಲ್ಲಿ ಸುಮಾರು ಅರ್ಧವನ್ನು ವಾಪಸ್ ಎಳೆದುಕೊಂಡಿರುತ್ತದೆ. ಉಳಿದರ್ಧ ತರಗೆಲೆಯಲ್ಲಿ ಬೇಸಿಗೆಯಿಡೀ ನೆಲದ ಮೇಲೇ ಬಿದ್ದಿರುತ್ತದೆ. ನೀವು ತರಗೆಲೆ ಸರಿಸಿ ಮಣ್ಣು ತೆಗೆದರೆ ಅದು ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ? ಮಳೆ ಬಂದು, ಎಲೆ ನೆನೆದು, ಅದರೊಳಗೆ ಶಿಲೀಂಧ್ರದ ಬಿಳಿ ಎಳೆ ಹಬ್ಬಿದ ಮೇಲೆ ರಂಜಕ ಕೆಳಗಿಳಿಯತೊಡಗುತ್ತದೆ. ಹುಲ್ಲಿನದ್ದು ಹೀಗಲ್ಲ. ಅದರ ಬಂಡವಾಳದ ದೊಡ್ಡ ಪಾಲು ನೆಲದ ಕೆಳಗೆ, ಸಣ್ಣ ಸಣ್ಣ ಬೇರುಗಳಲ್ಲಿರುತ್ತದೆ. ಬೇಸಿಗೆಯಲ್ಲಿ ಆ ಬೇರು ಸತ್ತರೆ ರಂಜಕ ಮಣ್ಣಲ್ಲೇ ಉಳಿಯುತ್ತದೆ, ಹೀರುವವರೂ ಇಲ್ಲ. ಮಳೆ ಬಿದ್ದರೆ ಹುಲ್ಲು ಕೆಲವೇ ದಿನದಲ್ಲಿ ಚಿಗುರಿ ಸರಸರನೆ ಎಳೆದುಕೊಳ್ಳುತ್ತದೆ. ಕಾಡಿನಲ್ಲಿ ಏರುವ ಹೊತ್ತಿಗೆ ಇಲ್ಲಿ ಇಳಿಯುತ್ತಿರುತ್ತದೆ. ನಿಮ್ಮ ಉಲ್ಟಾ ಲೆಕ್ಕಕ್ಕೆ ಇದೇ ಕಾರಣ ಅಂತ ನನ್ನ ಗುಮಾನಿ.

ಬೇಸಿಗೆಯ ಅಂಕಿ ದೊಡ್ಡದಾಗಿದ್ದರೂ ಗಿಡಕ್ಕೆ ಅದರಿಂದ ಲಾಭ ಅಷ್ಟಕ್ಕಷ್ಟೇ. ರಂಜಕ ತಾನಾಗಿ ಹೆಚ್ಚು ದೂರ ಹೋಗುವುದಿಲ್ಲ. ಬೇರಿನ ಸುತ್ತ ಒಂದೆರಡು ಮಿಲಿಮೀಟರ್‌ನಷ್ಟು ಜಾಗ ಖಾಲಿಯಾದರೆ ಪಕ್ಕದ್ದು ನೀರಿಲ್ಲದೆ ಅಲ್ಲಿಗೆ ಬರುವುದೇ ಇಲ್ಲ. ನೀರು ನಿಲ್ಲುವ ತಗ್ಗಿನ ಕಥೆ ಮತ್ತೊಂದು. ಅಲ್ಲಿ ಗಾಳಿ ಇಲ್ಲದೆ ಕಬ್ಬಿಣದ ಹಿಡಿತ ಸಡಿಲವಾಗಿ ರಂಜಕ ಬಿಡುಗಡೆಯಾಗುತ್ತದೆ.

ಈಗ ನನ್ನದೊಂದು ಪ್ರಶ್ನೆ. ಮಳೆಗಾಲದ ಮಣ್ಣನ್ನು ಪೇಪರ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿ ಕಳಿಸಿದಿರಾ? ಹೊಲದ ಮಣ್ಣಾದರೆ ಅದೇ ಸರಿ. ಗೊಬ್ಬರದ ಶಿಫಾರಸು ಇರುವುದೇ ಒಣಗಿಸಿದ ಮಣ್ಣಿನ ಲೆಕ್ಕದಲ್ಲಿ. ಋತುವಿನ ಬದಲಾವಣೆ ನೋಡಬೇಕಾದರೆ ಮಾತ್ರ ಇದು ಕೈಕೊಡುತ್ತದೆ. ಒಣಗಿದ ಮಣ್ಣಿಗೆ ಪ್ರಯೋಗಾಲಯದಲ್ಲಿ ದ್ರಾವಣ ಸುರಿಯುತ್ತಾರೆ. ಅಲ್ಲಿಗೆ ಬಾಟಲಿಯೊಳಗೇ ಇನ್ನೊಂದು ಮೊದಲ ಮಳೆ ಬಂದ ಹಾಗಾಯಿತು. ಸೂಕ್ಷ್ಮಜೀವಿ ತುಂಬಿದ ಕಾಡಿನ ಮಣ್ಣಲ್ಲಿ ಅದರಿಂದಲೇ ಅಂಕಿ ಮೇಲೇರಿರಬಹುದು.

ಮುಂದಿನ ಸಲ ಹಸಿ ಮಣ್ಣನ್ನೇ ತಂಪಾಗಿಟ್ಟು ಬೇಗ ತಲುಪಿಸಿ, ಒಣಗಿಸದೆ ಪರೀಕ್ಷೆ ಮಾಡಲು ಹೇಳಿ. ಎರಡೂ ಕಡೆ ಮೇಲಿನ 10 ಸೆಂಟಿಮೀಟರ್ ಮಾತ್ರ, ಏಳೆಂಟು ಜಾಗದ್ದು ಬೆರೆಸಿ. ಮಳೆಗೆ ಮುಂಚೆ ಒಮ್ಮೆ, ಮೊದಲ ಮಳೆಯ ಎರಡನೇ ದಿನ ಒಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆಯಿರಿ. ತೇವಾಂಶವನ್ನೂ ಅಳೆಸಿ. ತರಗೆಲೆಯನ್ನು ಬಿಸಾಡಬೇಡಿ, ಬೇರೆ ಚೀಲದಲ್ಲಿ ಕಟ್ಟಿಡಿ. ಲೆಕ್ಕ ಬಂದ ಮೇಲೆ ನಮಗೂ ಒಂದು ಪ್ರತಿ ಕಳಿಸಿ. ನಮ್ಮ ಕೋಷ್ಟಕದ ತಿದ್ದುಪಡಿಯ ಜೊತೆಗೇ ಅಚ್ಚು ಹಾಕುತ್ತೇವೆ, ಈ ಸಲ ತಾರೀಖು ಸಮೇತ.