ಸ್ವಂತ ಹೊಲಕ್ಕೆ ಹೋಗಲು ಸೇನೆಯ ಪರವಾನಗಿ

ಓದುಗರ ಪತ್ರ: “ಪ್ಯಾಲೆಸ್ಟೀನಿನ ಆಲಿವ್ ಬೆಳೆಗಾರರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಏಕಪಕ್ಷೀಯವಾಗಿದೆ. ಆತ್ಮಾಹುತಿ ದಾಳಿಗಳಲ್ಲಿ ಸತ್ತವರನ್ನು ಲೇಖಕರು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಇಸ್ರೇಲ್ ಗೋಡೆ ಕಟ್ಟಿದ ಮೇಲೆ ಆ ದಾಳಿಗಳು ನಿಂತವು. ನಮ್ಮ ದೇಶವೂ ಗಡಿಗೆ ಬೇಲಿ ಹಾಕಿದೆ. ಜೀವ ಉಳಿಯುವುದಾದರೆ ಒಂದಷ್ಟು ರೈತರು ಸುತ್ತು ಬಳಸಿ ಹೊಲಕ್ಕೆ ಹೋಗುವುದು ಅಷ್ಟು ದೊಡ್ಡ ಅನ್ಯಾಯವೇ? ನಮ್ಮ ರೈತರ ಗೋಳು ಸಾಲದೆಂದು ಅಲ್ಲಿಯ ಕಥೆಯೂ ಕನ್ನಡ ಪತ್ರಿಕೆಗೆ ಬೇಕೆ?” — ಹಾಸನ ಜಿಲ್ಲೆಯ ನಿವೃತ್ತ ಅಧ್ಯಾಪಕರೊಬ್ಬರು

ಮಾನ್ಯರೇ,

ಸತ್ತವರ ವಿಷಯದಲ್ಲಿ ನಿಮ್ಮ ಸಂಕಟ ನ್ಯಾಯವಾದದ್ದು. 2002ರ ಮಾರ್ಚ್ 27ರ ರಾತ್ರಿ ಇಸ್ರೇಲಿನ ನೆತನ್ಯಾ ಪಟ್ಟಣದ ಪಾರ್ಕ್ ಹೋಟೆಲಿನಲ್ಲಿ ಪಾಸೋವರ್ ಹಬ್ಬದ ಊಟಕ್ಕೆ ಕುಳಿತಿದ್ದವರ ನಡುವೆ ಒಬ್ಬ ಬಂದು ಬಾಂಬ್ ಸಿಡಿಸಿಕೊಂಡ. 30 ಜನ ಸತ್ತರು, ಅವರಲ್ಲಿ ಹಲವರು ವೃದ್ಧರು. ಆ ವರ್ಷ ಬಸ್ಸು, ಹೋಟೆಲು, ಸಂತೆ ಎಲ್ಲೆಲ್ಲೂ ಸಾವು ಕಾದಿತ್ತು. ಮಕ್ಕಳನ್ನು ಬಸ್ಸು ಹತ್ತಿಸಿ ಅವರು ಮರಳುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ ತಾಯಂದಿರ ಭಯವನ್ನು ಯಾರೂ ಹಗುರವಾಗಿ ಕಾಣಬಾರದು. ಅದೇ ಜೂನ್‌ನಲ್ಲಿ ಇಸ್ರೇಲ್ ತಡೆಗೋಡೆಯ ಕೆಲಸ ಆರಂಭಿಸಿತು. ಇಲ್ಲಿಯವರೆಗೆ ನಿಮಗೂ ನಮಗೂ ಭಿನ್ನಾಭಿಪ್ರಾಯವಿಲ್ಲ.

ಆದರೆ ಗೋಡೆ ಎಲ್ಲಿ ನಿಂತಿದೆ ಎಂಬುದನ್ನು ನೀವು ಕೇಳಿಕೊಂಡಿಲ್ಲ. ನಮ್ಮ ಲೇಖನದ ಜೀವಾಳ ಇದ್ದದ್ದು ಅಲ್ಲಿ.

1949ರ ಕದನವಿರಾಮದ ಗೆರೆಯನ್ನು ಹಸಿರು ರೇಖೆ ಎನ್ನುತ್ತಾರೆ. ಇಸ್ರೇಲಿಗೂ, 1967ರ ಯುದ್ಧದಿಂದ ಅದರ ಸೇನೆಯ ಹಿಡಿತದಲ್ಲಿರುವ ಪ್ಯಾಲೆಸ್ಟೀನಿಯರ ನೆಲವಾದ ವೆಸ್ಟ್ ಬ್ಯಾಂಕಿಗೂ ನಡುವೆ ಆ ರೇಖೆಯ ಉದ್ದ ಸುಮಾರು 320 ಕಿಲೋಮೀಟರ್. ಯೋಜಿಸಿದ ತಡೆಗೋಡೆಯ ಉದ್ದ ಸುಮಾರು 712 ಕಿಲೋಮೀಟರ್. ಗಡಿಯ ಎರಡು ಪಟ್ಟಿಗಿಂತ ಉದ್ದದ ಗೋಡೆ ಹೇಗಾಯಿತು? ಅದು ಗಡಿಯ ಮೇಲೆ ಸಾಗುವುದಿಲ್ಲ. ವೆಸ್ಟ್ ಬ್ಯಾಂಕಿನ ಒಳಗೆ ನುಗ್ಗಿ, ಅಲ್ಲಿ ಇಸ್ರೇಲಿನ ಪೌರರು ನೆಲೆಸಿರುವ ಯಹೂದಿ ವಸಾಹತುಗಳನ್ನು ಸುತ್ತುವರಿದು ಅವುಗಳನ್ನು ಇಸ್ರೇಲಿನ ಬದಿಗೆ ಸೇರಿಸಿಕೊಂಡು ಮರಳಿ ಬರುತ್ತದೆ. ಇಡೀ ಮಾರ್ಗದ ಶೇ. 85ರಷ್ಟು ಭಾಗ ಬಿದ್ದಿರುವುದು ಪ್ಯಾಲೆಸ್ಟೀನಿಯರ ನೆಲದ ಮೇಲೆ. ಊರುಗಳ ನಡುವೆ ಎಂಟು ಮೀಟರ್ ಎತ್ತರದ ಕಾಂಕ್ರೀಟ್; ಉಳಿದ ಕಡೆ ಎಲೆಕ್ಟ್ರಾನಿಕ್ ಬೇಲಿ, ಎರಡೂ ಪಕ್ಕದಲ್ಲಿ ಮುಳ್ಳುತಂತಿ, ಕಂದಕ, ಸೇನೆಯ ಜೀಪು ಓಡಾಡುವ ದಾರಿ, ಹೆಜ್ಜೆಗುರುತು ಮೂಡಲೆಂದು ಹಾಸಿದ ನುಣುಪು ಮರಳು. ಬೇಲಿ ಎಂದೊಡನೆ ನಮ್ಮ ಕಣ್ಣಿಗೆ ಬರುವ ಒಂಟಿ ತಂತಿಯಲ್ಲ ಅದು. ಅದರ ಅಗಲಕ್ಕೇ ಎಷ್ಟೋ ತೋಟಗಳು ಹೋಗಿವೆ.

ಗೋಡೆಗೂ ಹಸಿರು ರೇಖೆಗೂ ನಡುವೆ ಸಿಕ್ಕಿಬಿದ್ದ ನೆಲವನ್ನು 2003ರ ಅಕ್ಟೋಬರ್‌ನಲ್ಲಿ ಇಸ್ರೇಲಿ ಸೇನೆ ನಿರ್ಬಂಧಿತ ವಲಯವೆಂದು ಘೋಷಿಸಿತು. ಅಂದಿನಿಂದ ಅಲ್ಲಿ ಹೊಲವಿರುವ ಪ್ಯಾಲೆಸ್ಟೀನಿ ರೈತ ತನ್ನ ಹೊಲಕ್ಕೆ ಹೋಗಲು ಸೇನೆಯಿಂದ ಪರವಾನಗಿ ಪಡೆಯಬೇಕು. ಅಲ್ಲಿ ಮನೆಯಿರುವವನು, ಹದಿನಾರು ದಾಟಿದ್ದರೆ, ತನ್ನ ಮನೆಯಲ್ಲಿ ವಾಸಿಸುವುದಕ್ಕೂ ಪಡೆಯಬೇಕು. ಇಸ್ರೇಲಿನ ಪೌರರಿಗೆ ಈ ಪರವಾನಗಿ ಬೇಕಿಲ್ಲ. ಇಸ್ರೇಲಿಗೆ ವಲಸೆ ಬರಲು ಹಕ್ಕುಳ್ಳ ಯಹೂದಿ ಜಗತ್ತಿನ ಯಾವ ಮೂಲೆಯವನಾದರೂ ಬೇಕಿಲ್ಲ. ಆ ನೆಲದಲ್ಲಿ ಹುಟ್ಟಿದವನಿಗೆ ಮಾತ್ರ ಬೇಕು.

ಈಗ ನಿಮ್ಮ “ಸುತ್ತು ಬಳಸಿ” ಎಂಬ ಮಾತಿಗೆ ಬರುತ್ತೇನೆ. ಸುತ್ತು ಬಳಸಿ ಹೋಗುವವನಿಗೆ ತಡವಾದರೂ ಹೊಲ ಸಿಗುತ್ತದೆ. ಕಲ್ಕೀಲ್ಯಾ ಪಟ್ಟಣದ ಹತ್ತಿರದ ಜಯ್ಯೂಸ್ ಎಂಬ ಹಳ್ಳಿಯನ್ನು ನೋಡಿ. ಗೋಡೆ ಬಂದಾಗ ಆ ಊರಿನ ಮನೆಗಳು ಒಂದು ಕಡೆ ಉಳಿದವು, ಸಾಗುವಳಿ ಭೂಮಿಯ ಬಹುಪಾಲು ಮತ್ತು ನೀರಾವರಿ ಬಾವಿಗಳು ಇನ್ನೊಂದು ಕಡೆ ಹೋದವು. ನಡುವೆ ಒಂದು ಗೇಟು. ಇಂಥ ಗೇಟುಗಳಲ್ಲಿ ನಡೆಯುವುದು ಇಷ್ಟು: ನಿಗದಿಯಾದ ಹೊತ್ತಿಗೆ ಸೇನೆಯ ಜೀಪು ಬರುತ್ತದೆ. ಸೈನಿಕರು ಬೀಗ ತೆಗೆಯುತ್ತಾರೆ. ರೈತರು ಒಬ್ಬೊಬ್ಬರಾಗಿ ಗುರುತಿನ ಚೀಟಿ, ಪರವಾನಗಿ ತೋರಿಸಿ ದಾಟಬೇಕು. ಟ್ರ್ಯಾಕ್ಟರ್ ಇದ್ದರೆ ಅದಕ್ಕೂ ಬೇರೆ ಅನುಮತಿ. ಸ್ವಲ್ಪ ಹೊತ್ತಿನಲ್ಲಿ ಗೇಟು ಮುಚ್ಚುತ್ತದೆ. ಆಮೇಲೆ ಬಂದವನು ಮನೆಗೆ ಮರಳಬೇಕು. ಒಳಗೆ ಹೋದವನು, ಮೈ ಸರಿಯಿಲ್ಲದಿದ್ದರೂ, ಮುಂದಿನ ಬಾರಿ ತೆರೆಯುವವರೆಗೆ ಅಲ್ಲೇ ಇರಬೇಕು.

ಇದು ದಿನವೂ ತೆರೆಯುವ ಗೇಟುಗಳ ಮಾತು. ಅಂಥವು ಕೆಲವೇ ಇದ್ದವು. ಹೆಚ್ಚಿನ ಗೇಟುಗಳು ತೆರೆಯುತ್ತಿದ್ದದ್ದು ಅಕ್ಟೋಬರ್, ನವೆಂಬರ್‌ನ ಆಲಿವ್ ಕೊಯ್ಲಿನ ದಿನಗಳಲ್ಲಿ ಮಾತ್ರ. ನೀವು ಹಾಸನದ ಕಡೆಯವರು. ಕಾಫಿಯನ್ನೋ ಅಡಿಕೆಯನ್ನೋ ಬರೀ ಕೊಯ್ಲಿಗೆ ಹೋಗಿ ಬೆಳೆಯಬಹುದೇ ಎಂದು ಪಕ್ಕದ ತೋಟದವರನ್ನು ಕೇಳಿ ನೋಡಿ. ಆಲಿವ್ ಮರಕ್ಕೂ ಸವರುವಿಕೆ ಬೇಕು, ವಸಂತದಲ್ಲಿ ಬುಡ ಉಳಬೇಕು, ಕಳೆ ತೆಗೆಯಬೇಕು. ತೆಗೆಯದ ಕಳೆ ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಕಾದಿರುತ್ತದೆ; ಬೆಂಕಿ ಬಿದ್ದರೆ ಬೇಲಿಯ ಈಚೆ ನಿಂತು ನೋಡುವುದಷ್ಟೇ ಒಡೆಯನ ಪಾಲು. ವಿಶ್ವಸಂಸ್ಥೆಯ ಮಾನವೀಯ ವ್ಯವಹಾರಗಳ ಕಚೇರಿ ವರ್ಷಗಳ ಕಾಲ ಅಳೆದು ನೋಡಿದ ಪ್ರಕಾರ, ವರ್ಷವಿಡೀ ಆರೈಕೆ ಸಿಗುವ ಮರಗಳಿಗೆ ಹೋಲಿಸಿದರೆ ಗೋಡೆಯಾಚೆಯ ಮರಗಳ ಇಳುವರಿ ಸುಮಾರು ಶೇ. 60ರಷ್ಟು ಕಡಿಮೆ.

ಪರವಾನಗಿ ಸಿಗುವುದೂ ಸುಲಭವಲ್ಲ. ಜಮೀನು ತನ್ನದೆಂದು ಕಾಗದದಲ್ಲಿ ತೋರಿಸಬೇಕು. ಆದರೆ ವೆಸ್ಟ್ ಬ್ಯಾಂಕಿನ ಭೂಮಿಯ ಹೆಚ್ಚಿನ ಪಾಲು ವಿಧಿವತ್ತಾಗಿ ನೋಂದಣಿಯಾಗಿಯೇ ಇಲ್ಲ. ಬ್ರಿಟಿಷರ ಕಾಲದಲ್ಲಿ ಆರಂಭವಾಗಿ ಜೋರ್ಡಾನ್ ಆಡಳಿತದಲ್ಲಿ ಮುಂದುವರಿದಿದ್ದ ಕೆಲಸವನ್ನು 1967ರ ಯುದ್ಧದ ನಂತರ ಇಸ್ರೇಲೇ ನಿಲ್ಲಿಸಿತು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿರುವ ಮನೆಗಳ ಪಾಡು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದೇ ಪಾಡು ಅಲ್ಲಿ ಸೇನಾ ಕಚೇರಿಯ ಕಿಟಕಿಯ ಮುಂದೆ ನಿಂತಿದೆ. ಕಾಗದ ಸಿಕ್ಕರೂ ಪರವಾನಗಿ ಬರುವುದು ಹಲವು ಸಲ ಮುದುಕನಾದ ಒಡೆಯನಿಗೆ. ದುಡಿಯಬಲ್ಲ ಮಗನಿಗೆ ಬರುವುದಿಲ್ಲ. ಹಣ್ಣು ಕೀಳುವ ಕೈ ಈಚೆ, ಏಣಿ ಹತ್ತಲಾರದ ಕಾಲು ಆಚೆ.

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ಹತ್ಯಾಕಾಂಡದ ನಂತರ ಈ ಗೇಟುಗಳಲ್ಲಿ ಹೆಚ್ಚಿನವು ಕೊಯ್ಲಿನ ನಡುವೆಯೇ ಮುಚ್ಚಿದವು. ಆ ಹಂಗಾಮಿನಲ್ಲಿ ವೆಸ್ಟ್ ಬ್ಯಾಂಕಿನಾದ್ಯಂತ ಕೊಯ್ಯದೆ ಉಳಿದ ಆಲಿವ್ ತೋಟಗಳು 96,000 ದುನಮ್‌ಗೂ ಹೆಚ್ಚು. ಒಂದು ದುನಮ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಗುಂಟೆ. ಒಟ್ಟು ಇಪ್ಪತ್ತಮೂರು ಸಾವಿರ ಎಕರೆಗೂ ಮಿಗಿಲು. ಎಲ್ಲವೂ ಗೋಡೆಯಾಚೆಯದಲ್ಲ, ವಸಾಹತುಗಳ ಸುತ್ತಲಿನ ಭೂಮಿಯೂ ಅದರಲ್ಲಿದೆ. ಅದೇನಿದ್ದರೂ ಆ ರೈತರು ಹಮಾಸ್ ಅಲ್ಲ.

ಹೊಲದ ಕಥೆಯಷ್ಟೇ ಅಲ್ಲ. ಬರ್ತಾ ಎಂಬ ಊರನ್ನು 1949ರ ಗೆರೆ ಎರಡು ಹೋಳು ಮಾಡಿತು. ಒಂದೇ ಬಳಗದ ಜನ, ಅರ್ಧ ಊರು ಇಸ್ರೇಲಿನಲ್ಲಿ, ಅರ್ಧ ವೆಸ್ಟ್ ಬ್ಯಾಂಕಿನಲ್ಲಿ. ಗೋಡೆ ಬಂದದ್ದು ಪೂರ್ವ ಬರ್ತಾದ ಇನ್ನೂ ಪೂರ್ವಕ್ಕೆ. ಹಾಗಾಗಿ ಪೂರ್ವ ಬರ್ತಾದವರು ಇಸ್ರೇಲಿನ ಬದಿಯಲ್ಲಿದ್ದಾರೆ, ಆದರೆ ಇಸ್ರೇಲಿನೊಳಗೆ ಕಾಲಿಡುವ ಹಕ್ಕಿಲ್ಲ. ತಮ್ಮ ಜಿಲ್ಲಾ ಕೇಂದ್ರವಾದ ಜೆನಿನ್‌ಗೆ ಹೋಗಿ ಬರಲು ಚೆಕ್‌ಪೋಸ್ಟ್ ದಾಟಬೇಕು. ಆಚೆಯ ಹಳ್ಳಿಯಲ್ಲಿರುವ ಸೋದರಮಾವ ಮದುವೆಗೆ ಬರಬೇಕಾದರೂ ಅವನ ಕೈಯಲ್ಲಿ ಪರವಾನಗಿ ಇರಬೇಕು. ಲಗ್ನದ ಮನೆಗೆ ನೆಂಟರು ಬರಲು ಸೇನೆಯ ಒಪ್ಪಿಗೆ ಕೇಳುವ ಬದುಕನ್ನು ನಾನು ಅನನುಕೂಲ ಎಂದು ಕರೆಯಲಾರೆ.

ಪೂರ್ವ ಜೆರುಸಲೇಮಿನ ಅಂಚಿನ ಕುಫ್ರ್ ಅಕಬ್ ನಗರಪಾಲಿಕೆಯ ಎಲ್ಲೆಯೊಳಗಿದೆ, ಆದರೆ ಗೋಡೆಯ ಹೊರಗಿದೆ. ನಿವಾಸಿಗಳು ಜೆರುಸಲೇಮಿಗೆ ಆಸ್ತಿ ತೆರಿಗೆ ಕಟ್ಟುತ್ತಾರೆ. ಕಸ ಎತ್ತುವವರಿಗೆ, ಪೊಲೀಸರಿಗೆ, ನೀರಿಗೆ ಕಾಯುತ್ತಾರೆ. ಆದರೂ ಅಲ್ಲಿ ಮನೆಗಳು ಒಂದರ ಮೇಲೊಂದು ಏಳುತ್ತಿವೆ, ಏಕೆಂದರೆ ಗಂಡನಿಗೆ ಜೆರುಸಲೇಮಿನ ಗುರುತಿನ ಚೀಟಿ, ಹೆಂಡತಿಗೆ ವೆಸ್ಟ್ ಬ್ಯಾಂಕಿನದು ಎಂದಾದರೆ ಇಬ್ಬರೂ ಒಂದೇ ಸೂರಿನಡಿ ಬಾಳಲು ಉಳಿದಿರುವ ಜಾಗ ಹೆಚ್ಚುಕಡಿಮೆ ಅದೊಂದೇ. ನಗರದ ಒಳಗೆ ಅವಳು ಇರುವಂತಿಲ್ಲ. ನಗರದ ಎಲ್ಲೆ ಬಿಟ್ಟು ಹೊರಗೆ ಹೋದರೆ ಅವನು ಹುಟ್ಟೂರಿನ ವಾಸದ ಹಕ್ಕನ್ನೇ ಕಳೆದುಕೊಳ್ಳಬಹುದು.

ಭದ್ರತೆಯ ವಾದವನ್ನು ನಾನು ತಪ್ಪಿಸಿಕೊಂಡು ಹೋಗುವುದಿಲ್ಲ. ದಾಳಿಗಳು ಇಳಿದವು, ನಿಜ. ಗೋಡೆಗೆ ಅದರಲ್ಲಿ ಪಾಲಿಲ್ಲ ಎಂದೂ ಹೇಳುವುದಿಲ್ಲ. ಆದರೆ ಅದೇ ಅವಧಿಯಲ್ಲಿ ಸೇನಾ ಕಾರ್ಯಾಚರಣೆಗಳಾದವು, ಕದನವಿರಾಮಗಳಾದವು. ಗೋಡೆ ಇಂದಿಗೂ ಪೂರ್ತಿಯಾಗಿಲ್ಲ. ಮುಗಿದಿರುವುದು ಸುಮಾರು ಶೇ. 65 ಭಾಗ. ತೆರೆದ ಸಂದುಗಳ ಮೂಲಕ ಕೂಲಿ ಹುಡುಕಿಕೊಂಡು ಸಾವಿರಾರು ಪ್ಯಾಲೆಸ್ಟೀನಿಯರು ಪರವಾನಗಿಯಿಲ್ಲದೆ ಇಸ್ರೇಲಿಗೆ ಹೋಗಿಬರುತ್ತಿದ್ದರು. ಇನ್ನು ಮಾರ್ಗದ ಪ್ರಶ್ನೆ. ಅದಕ್ಕೆ ಇಸ್ರೇಲಿನ ಸುಪ್ರೀಂ ಕೋರ್ಟಿನ ದಾಖಲೆಯನ್ನೇ ನೋಡೋಣ. ಜಯ್ಯೂಸ್‌ಗೆ ಹತ್ತಿರದ ಅಝ್ಝೂನ್ ಊರಿನವರು ಹೂಡಿದ ಪ್ರಕರಣದಲ್ಲಿ 2006ರಲ್ಲಿ ಹೊರಬಿದ್ದ ಸಂಗತಿ: ಅಲ್ಲಿ ಗೋಡೆಯ ಮಾರ್ಗ ಗುರುತಿಸುವಾಗ ಝುಫೀನ್ ವಸಾಹತನ್ನು ಮುಂದೆ ವಿಸ್ತರಿಸುವ ಯೋಜನೆಯನ್ನು ಗಣನೆಗೆ ತೆಗೆದುಕೊಳ್ಳಲಾಗಿತ್ತು, ಮತ್ತು ಅದನ್ನು ಸರ್ಕಾರ ಕೋರ್ಟಿಗೆ ತಿಳಿಸಿರಲಿಲ್ಲ. ಬಿಲಿನ್ ಹಳ್ಳಿಯ ಪ್ರಕರಣದಲ್ಲೂ 2007ರಲ್ಲಿ ಕೋರ್ಟ್ ಮಾರ್ಗ ಬದಲಿಸಲು ಹೇಳಿತು. ಇನ್ನೂ ಕಟ್ಟದ ಬಡಾವಣೆಗಾಗಿ ಹಳ್ಳಿಯವರ ಭೂಮಿ ಹೋಗುವುದಕ್ಕೆ ಭದ್ರತೆಯ ಕಾರಣ ಅದಕ್ಕೆ ಕಾಣಲಿಲ್ಲ. ಬಿಲಿನ್‌ನಲ್ಲಿ ಗೋಡೆ ನಿಜಕ್ಕೂ ಸರಿದದ್ದು 2011ರಲ್ಲಿ, ಹಳ್ಳಿಯವರು ವರ್ಷಗಟ್ಟಲೆ ಪ್ರತಿ ಶುಕ್ರವಾರ ಅಶ್ರುವಾಯು ಉಂಡ ಮೇಲೆ.

ನಮ್ಮ ಗಡಿಯ ಬೇಲಿಯನ್ನು ನೀವು ಎತ್ತಿದ್ದು ಒಳ್ಳೆಯದೇ ಆಯಿತು. ಬಾಂಗ್ಲಾದೇಶದ ಗಡಿಯಲ್ಲಿ ಭಾರತ ಬೇಲಿ ಹಾಕಿರುವುದು ಗಡಿಗೆರೆಯಿಂದ ಸಾಮಾನ್ಯವಾಗಿ 150 ಗಜ ಒಳಗೆ, ನಮ್ಮದೇ ನೆಲದಲ್ಲಿ. ಅದರಾಚೆ ಹೊಲ ಉಳಿದಿರುವ ಪಶ್ಚಿಮ ಬಂಗಾಳದ, ಮೇಘಾಲಯದ ರೈತರೂ ಗಡಿ ಭದ್ರತಾ ಪಡೆಯ ಗೇಟಿನಲ್ಲಿ ಗುರುತಿನ ಚೀಟಿ ಕೊಟ್ಟು ಹೊತ್ತಿಗೆ ಸರಿಯಾಗಿ ಹೋಗಿ ಬರಬೇಕು. ಅವರ ಕಷ್ಟವನ್ನೂ ಬರೆಯಬೇಕು, ಬರೆಯುತ್ತೇವೆ. ಆದರೆ ಆ ರೈತ ಈ ದೇಶದ ಮತದಾರ. ತನ್ನ ಶಾಸಕನನ್ನು, ಸಂಸದನನ್ನು ಹಿಡಿದು ಕೇಳಬಲ್ಲ. ಜಯ್ಯೂಸ್‌ನ ರೈತನ ಗೇಟಿನ ಬೀಗ ಇರುವುದು ಅವನ ಮತಕ್ಕೆ ಲೆಕ್ಕವೇ ಇಲ್ಲದ ಸರ್ಕಾರದ ಸೇನೆಯ ಕೈಯಲ್ಲಿ.

2004ರ ಜುಲೈ 9ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 14–1ರ ಬಹುಮತದಿಂದ, ಆಕ್ರಮಿತ ನೆಲದಲ್ಲಿ ಈ ಗೋಡೆ ಕಟ್ಟುವುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದು ಸಲಹಾ ಅಭಿಪ್ರಾಯ ನೀಡಿತು. ಅದೇ ತಿಂಗಳು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 150 ದೇಶಗಳು ಆ ಅಭಿಪ್ರಾಯದ ಪರವಾಗಿ ನಿಂತವು. ಭಾರತ ಅವುಗಳಲ್ಲಿ ಒಂದು. ಕನ್ನಡ ಪತ್ರಿಕೆಗೆ ಇದೇಕೆ ಎಂದು ಕೇಳಿದ್ದೀರಿ. ನಮ್ಮ ದೇಶ ನಮ್ಮೆಲ್ಲರ ಹೆಸರಿನಲ್ಲಿ ಕೈಯೆತ್ತಿದ ವಿಷಯ ಕನ್ನಡಿಗರಿಗೆ ತಿಳಿಯುವುದು ಬೇಡವೇ? ನಮ್ಮ ರೈತರ ಬಗ್ಗೆ ಪ್ರತಿ ಸಂಚಿಕೆಯಲ್ಲೂ ಬರೆಯುತ್ತಿದ್ದೇವೆ. ಒಬ್ಬರ ನೋವಿಗೆ ಕೊಟ್ಟ ಪುಟ ಇನ್ನೊಬ್ಬರಿಂದ ಕಸಿದದ್ದೆಂದು ನಾನು ಭಾವಿಸಿಲ್ಲ.

ಹೇಗ್‌ನ ನ್ಯಾಯಾಲಯದಲ್ಲಿ ಆ ಒಂದು ಭಿನ್ನಮತ ಕೊಟ್ಟವರು ಅಮೆರಿಕದ ನ್ಯಾಯಮೂರ್ತಿ ಥಾಮಸ್ ಬರ್ಗೆಂಥಾಲ್, ಬಾಲ್ಯದಲ್ಲಿ ಆಶ್‌ವಿಟ್ಜ್ ಯಾತನಾಶಿಬಿರದಿಂದ ಬದುಕಿ ಬಂದ ಯಹೂದಿ. ಇಸ್ರೇಲಿನ ಭದ್ರತೆಯ ಅಗತ್ಯದ ಬಗ್ಗೆ ಸಾಕಷ್ಟು ಮಾಹಿತಿ ಮುಂದಿಲ್ಲದೆ ನ್ಯಾಯಾಲಯ ತೀರ್ಮಾನಕ್ಕೆ ಬರಬಾರದಿತ್ತು ಎಂಬುದು ಅವರ ಆಕ್ಷೇಪ. ನಿಮ್ಮ ಪತ್ರದ ವಾದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಸಿಗಲಾರರು. ಅದೇ ಬರಹದಲ್ಲಿ ಅವರು ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿದ್ದಾರೆ: ವಸಾಹತುಗಳನ್ನು ಕಾಯಲೆಂದು ಕಟ್ಟಿದ ಗೋಡೆಯ ಭಾಗಗಳು ಕಾನೂನುಬಾಹಿರ, ಅದಕ್ಕೆ ಬೇರೆ ಪುರಾವೆಯೇ ಬೇಕಿಲ್ಲ.

ಏಕಪಕ್ಷೀಯ ಎಂದಿರಿ. ಪರವಾನಗಿ ಸಿಗದ ರೈತರ ಪರವಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಿರುವ ಹಮೊಕೆಡ್ ಇಸ್ರೇಲಿನದೇ ಸಂಸ್ಥೆ. ಗೇಟುಗಳ ಬಳಿ ನಿಂತು, ಎಷ್ಟು ಹೊತ್ತಿಗೆ ತೆರೆಯಿತು, ಯಾರನ್ನು ಹಿಂದಕ್ಕೆ ಕಳಿಸಿದರು ಎಂದು ಬರೆದಿಡುವ ಮಖ್ಸೋಮ್ ವಾಚ್‌ನವರು ಇಸ್ರೇಲಿನ ಮಹಿಳೆಯರು. ಮುಂದಿನ ಸಂಚಿಕೆಯಲ್ಲಿ ಅವರ ಕೆಲಸದ ಕುರಿತ ಲೇಖನ ಬರಲಿದೆ. ಓದಿ, ಆಕ್ಷೇಪವಿದ್ದರೆ ಮತ್ತೆ ಬರೆಯಿರಿ. ಈ ಪತ್ರದಂತೆ ಅದನ್ನೂ ಪ್ರಕಟಿಸುತ್ತೇವೆ.

— ಸಂಪಾದಕ