ಸಲಹೆ ಬೇಡ, ಎರಡು ತಾಸು ಕೊಡಿ

ಪ್ರಶ್ನೆ: ನನ್ನ ಅಣ್ಣನ ಮಗನಿಗೆ 7 ವರ್ಷ. ಆಟಿಸಂ ಎಂದು ಡಾಕ್ಟರು ಹೇಳಿದ್ದಾರೆ. ಮಾತು ಬಂದಿಲ್ಲ. ಅಣ್ಣನಿಗೆ ಗೋವಾದಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಎಲ್ಲ ಅತ್ತಿಗೆಯ ತಲೆ ಮೇಲೆ. ಮದುವೆ, ಉಪನಯನ ಯಾವುದಕ್ಕೂ ಅವರು ಬರುವುದಿಲ್ಲ. ಫೋನಿನಲ್ಲಿ ಕಂಡ ಒಳ್ಳೊಳ್ಳೆ ವಿಡಿಯೋ ಕಳಿಸಿದರೆ ಉತ್ತರವೂ ಇಲ್ಲ. ನಾನೂ ಅದೇ ಊರಲ್ಲಿದ್ದೇನೆ. ಹೇಗೆ ಸಹಾಯ ಮಾಡಲಿ?
– ಅಂಕೋಲಾ ಕಡೆಯ ಓದುಗರು

ಉತ್ತರ: ಮೊದಲು ಆ ವಿಡಿಯೋ ಕಳಿಸೋದನ್ನು ನಿಲ್ಲಿಸಿ, ತಂಗಿ. ಬೇಜಾರು ಮಾಡ್ಕೋಬೇಡಿ. ನಿಮ್ಮ ಅತ್ತಿಗೆ ಅದನ್ನೆಲ್ಲ ನಿಮಗಿಂತ ಮೊದಲೇ ನೋಡಿರುತ್ತಾರೆ, ರಾತ್ರಿ ಎರಡು ಗಂಟೆಗೆ, ಮಗ ನಿದ್ದೆ ಮಾಡದೆ ಮನೆ ತುಂಬ ಓಡಾಡುವಾಗ. ಉಪಾಯಕ್ಕೆ ಅವರಲ್ಲಿ ಬರ ಇಲ್ಲ. ಹೊತ್ತಿಗೆ ಬರ.

ನಾನು ಕುಮಟಾ ತಾಲೂಕಿನಲ್ಲಿ ಮನೆ ಮನೆಗೆ ಹೋಗಿ ಇಂಥ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಅಘನಾಶಿನಿ ಹೊಳೆ ಬದಿಯ ಒಂದು ಮನೆಯಲ್ಲಿ ತಾಯಿ ಮಧ್ಯಾಹ್ನ ನಿಂತೇ ಉಣ್ಣುತ್ತಿದ್ದಳು. ಎಡಗೈಯಲ್ಲಿ ತಟ್ಟೆ, ಒಂದು ಕಾಲು ಹಿಂಬಾಗಿಲಿಗೆ ಒತ್ತಿ. ಬಾಗಿಲು ಸಡಿಲಾದರೆ ಮಗ ಸೀದಾ ಹೊಳೆಗೆ. ಪಕ್ಕದ ಮನೆಯ ಅಮ್ಮ ಬಳಚು, ಅಂದರೆ ಚಿಪ್ಪುಮೀನು, ಮಾರುವವರು. ಅವರು ಒಂದು ದಿನ ತಮ್ಮ ಬುಟ್ಟಿ ಎತ್ತಿಕೊಂಡು ಬಂದು ಇವರ ಜಗುಲಿಯಲ್ಲೇ ಬಳಚು ಬಿಡಿಸೋಕೆ ಕೂತರು. ಖಾಲಿ ಚಿಪ್ಪು ಹುಡುಗನ ಕೈಗೆ. ಅವನು ಒಂದೊಂದೇ ಚಿಪ್ಪನ್ನು ತಗಡಿನ ಬಕೆಟ್ಟಿಗೆ ಹಾಕುತ್ತಿದ್ದ. ಟಣ್ ಅನ್ನುವ ಸದ್ದು ಪೂರ್ತಿ ನಿಲ್ಲೋವರೆಗೆ ತಲೆ ಬಗ್ಗಿಸಿ ಕಾಯುತ್ತಿದ್ದ. ಆಮೇಲೆ ಇನ್ನೊಂದು. ಅಷ್ಟು ಹೊತ್ತು ತಾಯಿ ಒಳಗೆ ಕೂತು ಉಂಡಳು. ನಾನು ಚೀಲದಲ್ಲಿ ಹೊತ್ತುಕೊಂಡು ಹೋಗುತ್ತಿದ್ದ ಬಣ್ಣದ ಬ್ಲಾಕುಗಳನ್ನು ಆ ಹುಡುಗ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೊನೆಗೆ ಎಣಿಸೋದನ್ನು ಆ ಚಿಪ್ಪಿನಲ್ಲೇ ಹೇಳಿಕೊಟ್ಟೆ.

ನೀವು ಮಾಡಬೇಕಾದ್ದೂ ಇಷ್ಟೇ. ವಾರಕ್ಕೊಂದು ದಿನ, ಎರಡು ತಾಸು. "ಏನಾದ್ರೂ ಬೇಕಿದ್ರೆ ಹೇಳಿ" ಅನ್ನಬೇಡಿ, ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. "ಬುಧವಾರ ಮೂರು ಗಂಟೆಗೆ ಬರ್ತೇನೆ" ಅನ್ನಿ, ಹಾಗೇ ಬನ್ನಿ. ದಿನ, ಹೊತ್ತು ಬದಲಿಸಬೇಡಿ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ರೂಢಿ ತಪ್ಪಿದರೆ ತಡೆಯೋಕಾಗೋದಿಲ್ಲ. ಮೊದಮೊದಲು ಅತ್ತಿಗೆಯೂ ಜೊತೆಗಿರಲಿ. ಅವನು ಕಿವಿ ಮುಚ್ಚಿಕೊಂಡರೆ ಏನು, ಕೈ ಹಿಡಿದು ಎಳೆದರೆ ಎಲ್ಲಿಗೆ, ಇದನ್ನೆಲ್ಲ ಅವರಿಂದಲೇ ಕಲೀರಿ. ಗಂಜಿಗೆ ಒಂದು ಚೂರು ಕಾಯಿಚಟ್ನಿ ತಾಗಿದರೂ ತಟ್ಟೆ ಎಸೆಯುವ ಮಕ್ಕಳನ್ನು ಕಂಡಿದ್ದೇನೆ. ನೋಡಿದವರು ಹಟ ಅನ್ನುತ್ತಾರೆ. ಆ ತರಿ ಅವರ ನಾಲಿಗೆಗೆ ನಿಜವಾಗಿಯೂ ಸಹಿಸೋದಿಲ್ಲ. ನೀವು ತಿದ್ದೋಕೆ ಹೋಗಬೇಡಿ. ಹುಡುಗ ನಿಮಗೆ ಹೊಂದಿಕೊಂಡ ಮೇಲೆ ಅತ್ತಿಗೆ ಪೇಟೆಗೆ ಹೋಗಲಿ, ಇಲ್ಲ ಬಾಗಿಲು ಹಾಕಿಕೊಂಡು ಮಲಗಲಿ. ಏನು ಮಾಡಿದಿರಿ ಅಂತ ಲೆಕ್ಕ ಕೇಳಬೇಡಿ. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಅವರು ತೀರಾ ಮಂಕಾಗಿದ್ದರೆ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಲಿ. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಮದುವೆಗೆ ಬರೋದಿಲ್ಲ ಅಂದಿರಿ. ಬರೋದಾದರೂ ಹೇಗೆ? ವಾಲಗ, ಮೈಕು, ಕೆನ್ನೆ ಹಿಂಡುವವರು! ಮುಹೂರ್ತಕ್ಕೆ ಕರೆಯುವ ಬದಲು ಹಿಂದಿನ ದಿನ, ಗದ್ದಲ ಶುರುವಾಗುವ ಮೊದಲು ಕರೆಯಿರಿ. ಒಂದು ಕೋಣೆ ಖಾಲಿ ಬಿಡಿಸಿ. ಅರ್ಧ ತಾಸಿಗೇ ಎದ್ದು ಹೊರಟರೆ ಯಾರೂ ಗೊಣಗದ ಹಾಗೆ ನೋಡಿಕೊಳ್ಳಿ. "ನಮ್ಮ ಮಾವನ ಮಗನೂ ಐದು ವರ್ಷ ಮಾತಾಡಿರಲಿಲ್ಲ, ಈಗ ಬೆಂಗಳೂರಲ್ಲಿ ಇಂಜಿನಿಯರು" ಅಂತ ಒಬ್ಬರು ಶುರು ಮಾಡೇ ಮಾಡುತ್ತಾರೆ. ಆ ಮಾತು ತಪ್ಪಿಸುವ ಕೆಲಸ ನಿಮ್ಮದು. ನಾದಿನಿ ಇರೋದು ಮತ್ಯಾತಕ್ಕೆ!

ಮುಂದಿನದನ್ನು ಕರಾವಳಿಯವರೆಲ್ಲ ಓದಬೇಕು. ಆಟಿಸಂ ಇರುವ ಮಕ್ಕಳಲ್ಲಿ ಹಲವರು ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುತ್ತಾರೆ. ನೀರಿನ ಸೆಳೆತ ಜಾಸ್ತಿ, ಅಪಾಯ ತಿಳಿಯೋದು ಕಡಿಮೆ. ಹಾಗೆ ಹೊರಟ ಮಕ್ಕಳು ಜೀವ ಕಳಕೊಳ್ಳುವುದು ಹೆಚ್ಚಾಗಿ ನೀರಿನಲ್ಲೇ. ನಮ್ಮಲ್ಲಿ ಬಾವಿ, ಹೊಳೆ, ಉಪ್ಪುನೀರಿನ ಗಜನಿ ಗದ್ದೆ, ಸಮುದ್ರ, ಯಾವುದು ದೂರ ಹೇಳಿ? ಬಾಗಿಲಿಗೆ ಅವನ ಕೈಗೆ ಸಿಗದ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿ. ಬಾವಿಗೆ ಕಟ್ಟೆ ಇದ್ದರೆ ಸಾಲದು, ಮೇಲೆ ಕಬ್ಬಿಣದ ಜಾಲರಿ ಬೇಕು. ಅಕ್ಕಪಕ್ಕದವರು, ರಿಕ್ಷಾದವರು, ಮೀನು ತರುವ ಹೆಂಗಸರು, ಎಲ್ಲರಿಗೂ ಅವನ ಗುರುತಿರಲಿ, ಅತ್ತಿಗೆಯ ನಂಬರು ಇರಲಿ. ಹೆಸರು ಹಿಡಿದು ಕೂಗಿದರೆ ಅವನು ಓಗೊಡಲಿಕ್ಕಿಲ್ಲ ಅನ್ನೋದನ್ನೂ ಹೇಳಿಡಿ. ಹುಡುಗ ಕಾಣ್ತಿಲ್ಲ ಅಂದ್ರೆ ಬಸ್ ಸ್ಟ್ಯಾಂಡು, ಪೇಟೆ ಎಲ್ಲ ಆಮೇಲೆ. ಮೊದಲು ನೀರಿನ ಕಡೆ ಓಡಿ.

ಇನ್ನು ಕಾಗದಪತ್ರ. ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಆಗಿದೆಯಾ ಕೇಳಿ. ಇಲ್ಲದಿದ್ದರೆ ಅರ್ಜಿ ನೀವೇ ಹಾಕಿಕೊಡಿ. ನಿಮ್ಮ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ವಿ.ಆರ್.ಡಬ್ಲ್ಯೂ ಅನ್ನುತ್ತಾರಲ್ಲ ಅವರು. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ತಪಾಸಣೆಗೆ ಕಾರವಾರಕ್ಕೆ ಕರೆದರೆ ಜೊತೆಗೆ ಹೋಗಿ. ಸಾಲಿನಲ್ಲಿ ನೀವು ನಿಲ್ಲಿ, ಅತ್ತಿಗೆ ಹುಡುಗನನ್ನು ಹೊರಗೆ ಓಡಾಡಿಸಲಿ.

ಪ್ರಶ್ನೆ: ಮಗಳಿಗೆ ಬುದ್ಧಿಮಾಂದ್ಯತೆ ಇದೆ. ಇನ್ನೇನು 18 ತುಂಬುತ್ತದೆ. ಅವಳ ಹೆಸರಲ್ಲಿ ಸ್ವಲ್ಪ ಹಣ ಇಟ್ಟಿದ್ದೇವೆ. ಬ್ಯಾಂಕಿನಲ್ಲಿ ಕೇಳಿದರೆ "ಇನ್ನು ಮುಂದೆ ನಿಮ್ಮ ಸಹಿ ನಡೆಯೋದಿಲ್ಲ" ಅಂದರು. ತಂದೆ ನಾನೇ ಅಲ್ವಾ?
– ಶಿರಸಿ ತಾಲೂಕಿನ ಅಡಿಕೆ ಬೆಳೆಗಾರರು

ಉತ್ತರ: ತಂದೆ ನೀವೇ. ಬ್ಯಾಂಕಿನವರು ಹೇಳಿದ್ದೂ ಸುಳ್ಳಲ್ಲ. 18 ತುಂಬಿದ ಮೇಲೆ ಕಾನೂನಿನ ಲೆಕ್ಕದಲ್ಲಿ ಮಗಳು ದೊಡ್ಡವಳು, ತಂದೆತಾಯಿಯ ಪೋಷಕತ್ವ ತನ್ನಿಂತಾನೇ ಮುಂದುವರಿಯೋದಿಲ್ಲ. ಇದಕ್ಕಾಗಿಯೇ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಇದು ಅನ್ವಯಿಸುತ್ತದೆ. ಜಿಲ್ಲಾ ಮಟ್ಟದಲ್ಲಿ ಇದಕ್ಕೊಂದು ಸ್ಥಳೀಯ ಸಮಿತಿ ಇದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವೈಕಲ್ಯ ಇರುವ ಒಬ್ಬರು ಅದರಲ್ಲಿರುತ್ತಾರೆ. ನೀವು ಗಂಡಹೆಂಡತಿ ಸೇರಿ ಅಲ್ಲಿ ಅರ್ಜಿ ಹಾಕಬೇಕು. ಕಾನೂನಿನ ಪ್ರಕಾರ ಪೋಷಕರು (ಗಾರ್ಡಿಯನ್) ಬೇಕಾ, ಯಾವ ವಿಷಯಕ್ಕೆ ಬೇಕು ಎಂದು ನೋಡಿ ಅವರು ಆದೇಶ ಕೊಡುತ್ತಾರೆ. ಪೋಷಕರಾಗಿ ನೇಮಕವಾದವರು ಮಗಳ ಹೆಸರಿನ ಆಸ್ತಿಯ ಪಟ್ಟಿಯನ್ನು 6 ತಿಂಗಳೊಳಗೆ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಕಿರಿಕಿರಿ ಅನಿಸಬಹುದು, ಆದರೆ ನಾಳೆ ಬೇರೆ ಯಾರೋ ಪೋಷಕರಾದಾಗ ಇದೇ ಲೆಕ್ಕ ಅವಳನ್ನು ಕಾಯುತ್ತದೆ. ಘಟ್ಟ ಇಳಿಯುವ ಮೊದಲು ಕಾರವಾರದ ಅಂಗವಿಕಲರ ಕಲ್ಯಾಣ ಕಚೇರಿಗೆ ಫೋನ್ ಮಾಡಿ, ಏನೇನು ಕಾಗದ ಬೇಕು ಕೇಳಿಕೊಳ್ಳಿ. ಒಂದು ಜೆರಾಕ್ಸ್ ಇಲ್ಲ ಅಂತ ವಾಪಸ್ ಬರೋದು ಬೇಡ.

ಅದೇ ಟ್ರಸ್ಟಿನದು ನಿರಾಮಯ ಎಂಬ ಆರೋಗ್ಯ ವಿಮೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಸೇರಿ. ಸೇರಿಕೊಳ್ಳೋಕೆ ವೈದ್ಯಕೀಯ ತಪಾಸಣೆ ಕೇಳೋದಿಲ್ಲ. ವರ್ಷ ವರ್ಷ ನವೀಕರಿಸೋದನ್ನು ಮರೆಯಬೇಡಿ.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ. ನಿಮ್ಮ ನಂತರ ಯಾರು ಅನ್ನೋದನ್ನು ಮಗನೋ ಅಳಿಯನೋ ತಾವಾಗಿ ಅರ್ಥ ಮಾಡಿಕೊಳ್ಳಲಿ ಅಂತ ಬಿಡಬೇಡಿ. ಕೂರಿಸಿ ಮಾತಾಡಿ. ಮಗಳನ್ನೂ ಕೂರಿಸಿ. ಯಾರ ಜೊತೆ ಇರೋದು ಇಷ್ಟ ಅನ್ನೋದು ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಮಗಳಿಗೆ ಒಂದೂವರೆ ವರ್ಷ, ಡೌನ್ ಸಿಂಡ್ರೋಮ್. ಗೋಕರ್ಣದಲ್ಲಿ ನಾಗಬಲಿ ಮಾಡಿಸಿದರೆ ಸರಿಹೋಗುತ್ತದೆ, ಸಾಲವಾದರೂ ಸರಿ ಅನ್ನುತ್ತಾರೆ ಅತ್ತೆ.
– ಹೊನ್ನಾವರದ ಓದುಗರು

ಉತ್ತರ: ಡೌನ್ ಸಿಂಡ್ರೋಮ್ ಬರೋದು ದೇಹದ ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮು ಒಂದು ಹೆಚ್ಚಿಗೆ ಇರುವುದರಿಂದ. ಅದು ಬಸಿರು ನಿಲ್ಲುವ ಹೊತ್ತಿಗೇ ಆಗಿ ಹೋಗಿರುತ್ತದೆ. ನಿಮ್ಮ ತಪ್ಪಿಲ್ಲ, ನಾಗನದ್ದೂ ಇಲ್ಲ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಆಗಿಲ್ಲವೆಂದರೆ ಕೈಯಲ್ಲಿರುವ ದುಡ್ಡು ಮೊದಲು ಅದಕ್ಕೆ. ಥೈರಾಯ್ಡು, ಕಿವಿ, ಕಣ್ಣನ್ನೂ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುತ್ತದೆ, ಅವರ ಮೂಲಕ ಹೋದರೆ ಮುಂದಿನ ಚಿಕಿತ್ಸೆಗೆ ದಾರಿಯಾಗುತ್ತದೆ.

ಅತ್ತೆಯ ಜೊತೆ ಜಗಳ ಬೇಡ. ಒಂದು ಹಣ್ಣುಕಾಯಿ ಮಾಡಿಸಿ ಬನ್ನಿ, ಸಾಲದ ಮಾತು ಬಂದರೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ. ಆಮೇಲೆ ಅವರಿಗೊಂದು ಕೆಲಸ ಕೊಡಿ. ಮಗುವಿನ ಸ್ನಾಯು ಸಡಿಲ ಇರುತ್ತದೆ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಿಸಬೇಕು. ಎಣ್ಣೆ ಹಚ್ಚಿ ಕಾಲು ನೀಡಿಕೊಂಡು ಕೂತು ಮಗು ಆಡಿಸೋದರಲ್ಲಿ ನಮ್ಮ ಅಜ್ಜಿಯರನ್ನು ಮೀರಿಸುವವರಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಅವರನ್ನೂ ಕರಕೊಂಡು ಹೋಗಿ, ಡಾಕ್ಟರ ಬಾಯಲ್ಲೇ ಕೇಳಲಿ.

ಪ್ರಶ್ನೆ: ಮಗನನ್ನು "ವಿಶೇಷ ಶಾಲೆಗೆ ಸೇರಿಸಿ, ನಮ್ಮಲ್ಲಿ ಆಗೋದಿಲ್ಲ" ಅನ್ನುತ್ತಾರೆ ಊರಿನ ಶಾಲೆಯವರು. ಅವನಿಗೆ 8 ವರ್ಷ.
– ಕಾರವಾರ ತಾಲೂಕಿನ ಓದುಗರು

ಉತ್ತರ: ಹಾಗೆ ಅನ್ನುವ ಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ, ಆರಿಸುವವರು ನೀವು. "ಸೇರಿಸಿಕೊಳ್ಳೋದಿಲ್ಲ ಅಂತ ಬರೆದುಕೊಡಿ ಸರ್" ಎಂದು ಮೆಲ್ಲಗೆ ಕೇಳಿ ನೋಡಿ. ಬರೆದುಕೊಡುವವರನ್ನು ನಾನಂತೂ ಕಂಡಿಲ್ಲ. ಸೇರಿಸಿಕೊಂಡ ಮೇಲೆ ತಾಲೂಕಿನ ಬಿ.ಆರ್.ಸಿ.ಗೆ, ಅಂದರೆ ಶಿಕ್ಷಣ ಸಂಪನ್ಮೂಲ ಕೇಂದ್ರಕ್ಕೆ, ಹೋಗಿ ಬಿ.ಐ.ಇ.ಆರ್.ಟಿ. ಎನ್ನುವ, ಇಂಥ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕಾಣಿ. ಶಾಲೆಗೆ ಬಂದು ಮಾಸ್ತರ್ರಿಗೆ ದಾರಿ ತೋರಿಸೋದು ಅವರ ಕೆಲಸ. ಮಾಸ್ತರ್ರಿಗೂ ಒಬ್ಬರೇ ನಾಲ್ಕು ತರಗತಿ ನೋಡಿಕೊಳ್ಳುವ ಕಷ್ಟ ಇರಬಹುದು. ಹಾಗಾಗಿ ಮೊದಲ ತಿಂಗಳು ಮನೆಯವರು ಯಾರಾದರೂ ಶಾಲೆಯಲ್ಲಿ ಕೂರಬಹುದಾ ಎಂದು ನೀವೇ ಕೇಳಿ.